ಖಾಲಿ ಜೇಬಿನ ಸಾಕ್ಷ್ಯ

ತಂಗಿ ಇನ್ನಿಲ್ಲವೆಂಬ ಸುದ್ದಿ ತಲುಪಿದಾಗ ದೊಡ್ಡಣ್ಣ ಅರ್ಧ ಮುಖ ಕ್ಷೌರ ಮುಗಿಸಿ ಕನ್ನಡಿಯ ಮುಂದೆ ನಿಂತಿದ್ದರು. ಫೋನಿನಲ್ಲಿ ಆಕೆಯ ಮಗ "ಮಾವ" ಎಂದಷ್ಟೇ ಹೇಳಿ ಸುಮ್ಮನಾದ. ಪೊಲೀಸು ಕೆಲಸದಲ್ಲಿದ್ದಷ್ಟು ಕಾಲ ಎಷ್ಟೋ ಮನೆಗಳ ಬಾಗಿಲಿಗೆ ಅಂಥ ಸುದ್ದಿ ಹೊತ್ತು ನಡೆದವರು ಅವರು. ಆ ಮೌನದ ಅರ್ಥವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಳಿದರ್ಧ ಮುಖದ ಸೋಪು ಒಣಗುವ ತನಕ ಅಲ್ಲಿಯೇ ನಿಂತಿದ್ದು, ಆಮೇಲೆ ಟವೆಲಿನಿಂದ ಒರೆಸಿಕೊಂಡು ಹಾಗೆಯೇ ಆಸ್ಪತ್ರೆಗೆ ಹೊರಟರು.

ಪಿತ್ತಕೋಶದ ಕಲ್ಲು ತೆಗೆಸಿಕೊಂಡು ನಾಳೆಯೋ ನಾಡಿದ್ದೋ ಮನೆಗೆ ಬರಬೇಕಾಗಿದ್ದವಳು ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಚಿಕ್ಕಂದಿನಿಂದಲೂ ಆಕೆಯ ಮೈಗೆ ಪೆನಿಸಿಲಿನ್ ಒಗ್ಗುತ್ತಿರಲಿಲ್ಲ. ಅದನ್ನೇ ಚುಚ್ಚಿದ್ದರು. ಅರಿವಳಿಕೆಯ ಮಂಪರಿನಲ್ಲಿದ್ದವಳಿಗೆ ಬೇಡವೆನ್ನಲೂ ಬಾಯಿರಲಿಲ್ಲ. ವಾರ್ಡಿನ ಕಂಪ್ಯೂಟರಿನಲ್ಲಿ ‘ಒಗ್ಗದ ಔಷಧಿ’ ಎಂಬ ಸಾಲಿನ ಮುಂದೆ ಒಂದು ಅಡ್ಡಗೆರೆ ಮಾತ್ರ ಇತ್ತು.

ಆಕೆಯನ್ನು ಆಸ್ಪತ್ರೆಗೆ ದಾಖಲು ಮಾಡಿಕೊಂಡವಳು ಅಲ್ಲಿಯೇ ನರ್ಸಾಗಿದ್ದ ಆಕೆಯ ಸೊಸೆ.

"ನಾನು ಬರೆದಿದ್ದೆ ಮಾವ," ಎಂದು ಆ ಹುಡುಗಿ ಅಂದೇ ಹೇಳಿದ್ದಳು. "ಅತ್ತೆ ಪಕ್ಕದಲ್ಲೇ ಕೂತು ನೋಡ್ತಿದ್ರು. ‘ಸರಿಯಾಗಿ ಬರಿಯೇ, ನಿನ್ನ ಕಾಟದಿಂದ ತಪ್ಪಿಸ್ಕೊಂಡು ಔಷಧಿಗೆ ಸಾಯೋಕೆ ನನಗಿಷ್ಟ ಇಲ್ಲ’ ಅಂತ ನಕ್ರು."

ನಂಬುವವರು ಯಾರು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆಯೇ ಇರುವಾಗ ನೆರೆಹೊರೆಯವರಿಗೆ ಸಾಕ್ಷಿ ಯಾಕೆ ಬೇಕು? ಅಡಿಗೆಮನೆಯ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಇಬ್ಬರೂ ಕಿತ್ತಾಡಿದ್ದನ್ನು ಈಗ ಎಲ್ಲರೂ ನೆನಪಿಸಿಕೊಂಡರು. ಬೇಕೆಂದೇ ಬರೆಯದೆ ಬಿಟ್ಟಳು ಎಂಬ ಮಾತು ಬೀದಿಗೆ ಬಂತು, ಬೀದಿಯಿಂದ ಠಾಣೆಗೆ ಹೋಯಿತು. ಮಗ ತಾಯಿಯನ್ನು ಕಳೆದುಕೊಂಡ ದಿನವೇ ಹೆಂಡತಿಯ ಜೊತೆ ಮಾತು ಬಿಟ್ಟ.

ಇಂದು ಮಧ್ಯಾಹ್ನ ಅವಳನ್ನು ಬಂಧಿಸುವುದೆಂದು ಗೊತ್ತಾಗಿತ್ತು.

"ಮೇಲಿಂದ ಒತ್ತಡ ಸಾರ್," ಎಂದ ಇನ್ಸ್‌ಪೆಕ್ಟರ್. ಒಂದು ಕಾಲದಲ್ಲಿ ದೊಡ್ಡಣ್ಣನವರ ಕೈಕೆಳಗೆ ಕೆಲಸ ಕಲಿತವನು. ಅವರೆದುರು ಈಗಲೂ ಟೋಪಿ ತೆಗೆದು ಕಂಕುಳಿಗೆ ಇಟ್ಟುಕೊಳ್ಳುತ್ತಿದ್ದ. "ನಿಮ್ಮ ಮನೆ ಹುಡುಗೀನ ಕರ್ಕೊಂಡು ಹೋಗೋಕೆ ನನಗೂ ಕಾಲು ಬರ್ತಿಲ್ಲ."

"ಕಾಲು ಬರದಿದ್ರೆ ಸ್ವಲ್ಪ ಕೂತ್ಕೋ," ಎಂದರು ದೊಡ್ಡಣ್ಣ. "ದಾಖಲೆ ವಿಭಾಗದಲ್ಲಿ ಕೂತ್ಕೊಳ್ಳೋಣ. ಅವಳನ್ನೂ ಕರಿ, ಗಂಡನ್ನೂ ಕರಿ. ಆಮೇಲೆ ನಿನ್ನಿಷ್ಟ."

ದಾಖಲೆ ವಿಭಾಗವು ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಕಾಗದಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಬರಿದಾದ ಉಕ್ಕಿನ ಕಪಾಟುಗಳು ಗೋಡೆಗುಂಟ ನಿಂತಿದ್ದವು. ಆದರೂ ಅಲ್ಲಿ ಮಸಿಯ ವಾಸನೆ ಹೋಗಿರಲಿಲ್ಲ. ಅದಕ್ಕೆ ಕಾರಣ ವಿಭಾಗದ ಮುಖ್ಯಸ್ಥರು. ಅವರ ಮೇಜಿನ ಮೇಲೆ ರಬ್ಬರು ಮೊಹರುಗಳು ಮರದ ಚಕ್ರವೊಂದರಿಂದ ದ್ರಾಕ್ಷಿಗೊಂಚಲಿನಂತೆ ಇಳಿಬಿದ್ದಿದ್ದವು. ಒತ್ತಲು ಕಾಗದವಿಲ್ಲದಿದ್ದರೂ ದಿನವೂ ಅವುಗಳಿಗೆ ಮಸಿ ತಾಗಿಸಿ ಒರೆಸಿಡುವುದು ಅವರ ರೂಢಿ. ಆಸ್ಪತ್ರೆಯವರೆಲ್ಲ ಅವರನ್ನು ಮೊಹರಯ್ಯ ಎನ್ನುತ್ತಿದ್ದರು.

ಇನ್ನೊಂದು ಕುರ್ಚಿಯಲ್ಲಿ ತಂಗಿಯ ಜೊತೆ ಕೆಲಸ ಮಾಡುತ್ತಿದ್ದ ನಡುವಯಸ್ಸಿನ ಹೆಂಗಸು ಕುಳಿತಿದ್ದಳು. ಯಾವುದಕ್ಕೂ ಅವಸರಪಡದ ಆಕೆಗೆ ತಂಗಿಯೇ ಗಡಿಬಿಡಿ ಎಂದು ಹೆಸರಿಟ್ಟಿದ್ದಳು. ಆಸ್ಪತ್ರೆಯ ರೋಗಿಗಳ ವಿವರ ಇಡುವ ಪ್ರೋಗ್ರಾಮನ್ನು ಬರೆದವರು ಈ ಇಬ್ಬರೇ.

"ನೋಡಿ ಸ್ವಾಮಿ," ಎಂದು ಮೊಹರಯ್ಯ ಆರಂಭಿಸಿದರು. "ನಿಮ್ಮ ದುಃಖ ನನಗೆ ಅರ್ಥ ಆಗತ್ತೆ. ಆದ್ರೆ ದಾಖಲೆ ದುಃಖ ನೋಡಲ್ಲ. ಆ ಜಾಗ ಖಾಲಿ ಇದೆ. ಖಾಲಿ ಇದೆ ಅಂದ್ರೆ ಬರೆದಿಲ್ಲ. ಇದರಲ್ಲಿ ವಾದ ಮಾಡೋಕೆ ಏನಿದೆ?"

"ಬರೆದು ಯಾರಾದ್ರೂ ಅಳಿಸಿದ್ರೆ?" ಎಂದ ಇನ್ಸ್‌ಪೆಕ್ಟರ್.

"ಅಳಿಸಿದ್ರೆ ಯಾರು ಅಳಿಸಿದ್ರು ಅಂತ ಗುರುತು ಉಳೀತಿತ್ತು. ಆದ್ರೆ ಆ ವಾರದ ಗುರುತುಗಳು ಹೊಸ ಯಂತ್ರಕ್ಕೆ ಸಾಗಿಸೋವಾಗ ಹಾಳಾದವು, ಅಲ್ಲಿಂದೀಚೆಗೆ ಗುರುತು ಉಳಿಯೋದೇ ನಿಂತಿದೆ. ಸಾಗಿಸಿ ಅಂತ ಅಪ್ಪಣೆ ಕೊಟ್ಟಿದ್ದು ಆಸ್ಪತ್ರೆ ನಡೆಸೋ ದೊಡ್ಡ ಡಾಕ್ಟ್ರು. ನನ್ನ ಕೇಳಬೇಡಿ."

ಮೂಲೆಯಲ್ಲಿ ಸೊಸೆ ಕೈಕಟ್ಟಿ ನಿಂತಿದ್ದಳು. ಅವಳ ಗಂಡ ಇನ್ನೊಂದು ಮೂಲೆಯಲ್ಲಿ ಕಪಾಟಿಗೆ ಒರಗಿದ್ದ. ನಡುವೆ ಇದ್ದ ಜಾಗವನ್ನು ಇಬ್ಬರೂ ಗಡಿಯಂತೆ ಕಾಯುತ್ತಿದ್ದರು.

ದೊಡ್ಡಣ್ಣ ಗಡಿಬಿಡಿಯ ಕಡೆ ತಿರುಗಿದರು. "ನನಗೆ ಕಂಪ್ಯೂಟರು ಅಂದ್ರೆ ಕತ್ತಲೆ ಕೋಣೆ ತಾಯಿ. ನನ್ನ ತಂಗಿ ಒಂದ್ಸಲ ಊಟಕ್ಕೆ ಕೂತಾಗ ಏನೋ ಹೇಳಿದ್ಲು. ಅಂಗಿ, ಜೇಬು ಅಂತ. ನೀವು ಇನ್ನೊಂದ್ಸಲ ಹೇಳಿ."

ಗಡಿಬಿಡಿ ನಕ್ಕಳು, ಆಕೆಯ ಕಣ್ಣು ಮಾತ್ರ ಒದ್ದೆಯಾಯಿತು.

"ನಿಮ್ಮ ತಂಗಿ, ನಮ್ಮಕ್ಕ, ಎಲ್ಲರಿಗೂ ಹಾಗೇ ಹೇಳೋರು ಸಾರ್. ನಾವು ಬರೋಕೆ ಮುಂಚೆ ಇಲ್ಲಿ ಎಲ್ಲ ರೋಗಿಗೂ ಒಂದೇ ಅಚ್ಚಿನ ನಮೂನೆ ಇತ್ತು. ಹಲ್ಲು ಕೀಳಿಸ್ಕೊಳ್ಳೋಕೆ ಬಂದ ತಾತನಿಗೂ ‘ಹೆರಿಗೆ ಎಷ್ಟಾಗಿದೆ’ ಅಂತ ಒಂದು ಕಾಲಂ. ಒಬ್ಬ ತಾತ ಕೋಪ ಮಾಡ್ಕೊಂಡು ‘ಏಳು’ ಅಂತ ಬರೆಸಿ ಹೋಗಿದ್ದ."

ಇನ್ಸ್‌ಪೆಕ್ಟರ್ ಟೋಪಿಯ ಮರೆಯಲ್ಲಿ ನಕ್ಕ. ಮೊಹರಯ್ಯನವರು ನಗಲಿಲ್ಲ. "ಆ ನಮೂನೆ ನಾನು ಮಾಡಿದ್ದು," ಎಂದರು.

"ಗೊತ್ತು ಸಾರ್. ಅದಕ್ಕೇ ಅಕ್ಕ ಅದನ್ನ ಕಿತ್ತು ಹಾಕಿದ್ದು. ಅಕ್ಕ ಏನು ಮಾಡಿದ್ರು ಅಂದ್ರೆ, ರೋಗಿ ಬಂದ ಕೂಡಲೇ ಅವನಿಗೆ ಜೇಬೇ ಇಲ್ಲದ ಒಂದು ಅಂಗಿ ಕೊಡೋದು. ಕಂಪ್ಯೂಟರಿನ ಒಳಗೆ ಅವನ ಪ್ರತಿರೂಪ ಅದು, ಒಂದು ಆಬ್ಜೆಕ್ಟು. ಆಮೇಲೆ ಏನು ತಿಳಿಯತ್ತೋ ಅದಕ್ಕೆ ಆಗಲೇ ಹೆಸರಿಟ್ಟು ಒಂದು ಜೇಬು ಹೊಲಿಯೋದು. ಸಕ್ಕರೆ ಕಾಯಿಲೆ ಇದ್ದವನಿಗೆ ಸಕ್ಕರೆ ಜೇಬು. ಮುರಿದ ಕಾಲಿಗೆ ಕಾಲಿನ ಜೇಬು. ಮೊದಲೇ ಯಾರೂ ಕತ್ತರಿಸಿ ಇಟ್ಟಿರಲ್ಲ. ಯಾರ ಅಂಗಿಯೂ ಇನ್ನೊಬ್ಬರ ಹಾಗಿರಲ್ಲ."

"ಗೊತ್ತು ಗುರಿ ಇಲ್ಲದ ಅಂಗಿ," ಎಂದು ಮೊಹರಯ್ಯ ಗೊಣಗಿದರು.

ಕಳವಾದ ಮನೆಗಳನ್ನು ನೋಡಿ ನೋಡಿ ನುರಿತ ಮನಸ್ಸು ದೊಡ್ಡಣ್ಣನವರದು. ಏನೂ ಇಲ್ಲದ ಮನೆಗೂ, ಇದ್ದದ್ದನ್ನು ಹೊತ್ತೊಯ್ದ ಮನೆಗೂ ವ್ಯತ್ಯಾಸವಿದೆಯೆಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವರು.

"ಒಂದು ಮಾತು ಕೇಳ್ತೀನಿ, ನಗಬೇಡಿ. ಒಗ್ಗದ ಔಷಧಿ ಅನ್ನೋ ಜೇಬು ಎಲ್ಲರ ಅಂಗಿಯಲ್ಲೂ ಇರತ್ತಾ?"

"ಪರದೆ ಮೇಲೆ ಆ ಸಾಲು ಎಲ್ಲರಿಗೂ ಕಾಣತ್ತೆ ಸಾರ್. ಏನೂ ಇಲ್ಲದಿದ್ರೆ ಅಡ್ಡಗೆರೆ."

"ಪರದೆ ಬಿಡಿ. ಅಂಗಿಯ ಮಾತು ಕೇಳಿದ್ದು ನಾನು."

ಗಡಿಬಿಡಿ ಉತ್ತರಕ್ಕೆ ಬಾಯಿ ತೆರೆದವಳು ಅರ್ಧಕ್ಕೇ ತಡೆದಳು. ಬದುಕಿನಲ್ಲಿ ಮೊದಲ ಬಾರಿಗೆ ಎಂಬಂತೆ ಆಕೆ ಅವಸರ ಮಾಡಿದಳು. ಕುರ್ಚಿಯನ್ನು ಮುಂದಕ್ಕೆಳೆದ ರಭಸಕ್ಕೆ ಮೊಹರುಗಳ ಗೊಂಚಲು ಗಿರ್ರನೆ ತಿರುಗಿತು.

"ಇರಲ್ಲ ಸಾರ್. ಎಲ್ಲರಿಗೂ ಇರಲ್ಲ. ಥೂ, ನನ್ನ ತಲೆಗೆ ಯಾಕೆ ಇದು ಹೊಳೀಲಿಲ್ಲ?"

"ನಿಧಾನ," ಎಂದರು ದೊಡ್ಡಣ್ಣ. "ನೀವು ಅವಸರ ಮಾಡಿದ್ರೆ ನನಗೆ ಭಯ ಆಗತ್ತೆ."

ಆಕೆಯ ಬೆರಳುಗಳು ಮೇಜಿನ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಓಡಿದವು. "ಇವನು ಇವತ್ತು ಬೆಳಿಗ್ಗೆ ಬಂದ ಲಾರಿ ಚಾಲಕ. ಇವನಿಗೆ ಒಗ್ಗದ ಔಷಧಿ ಯಾವುದೂ ಇಲ್ಲ. ನಿನಗೆ ಯಾವ್ಯಾವ ಜೇಬು ಇದೆ ಹೇಳು ಅಂತ ಅಂಗಿಯನ್ನೇ ಕೇಳ್ತಿದ್ದೀನಿ." ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಮೂಡಿದವು. ವಯಸ್ಸು, ರಕ್ತದ ಗುಂಪು, ಕೀಲು ನೋವು. ಒಗ್ಗದ ಔಷಧಿ ಎಂಬುದು ಅಲ್ಲಿರಲಿಲ್ಲ.

"ಈಗ ಅಕ್ಕನದು."

ಹೆಸರುಗಳು ಇಳಿದವು. ವಯಸ್ಸು. ರಕ್ತದ ಗುಂಪು. ಪಿತ್ತಕೋಶ. ಅವುಗಳ ಕೆಳಗೆ, ಒಗ್ಗದ ಔಷಧಿ.

ಜೇಬು ಇತ್ತು. ಒಳಗೆ ಏನೂ ಇರಲಿಲ್ಲ.

"ಯಾರೋ ಜೇಬಿಗೆ ಕೈ ಹಾಕಿ ಇದ್ದದ್ದನ್ನ ತೆಗೆದಿದ್ದಾರೆ," ಎಂದಳು ಗಡಿಬಿಡಿ. "ಜೇಬನ್ನ ಬಿಚ್ಚಿ ಹಾಕೋದು ಮರೆತಿದ್ದಾರೆ. ಮರೆತಿದ್ದೂ ಅಲ್ಲ ಸಾರ್. ಅವರಿಗೆ ಗೊತ್ತೇ ಇಲ್ಲ. ಹಳೇ ನಮೂನೆಯಲ್ಲಿ ಖಾಲಿ ಅಂದ್ರೆ ಯಾವತ್ತೂ ಬರೆದಿಲ್ಲ ಅಂತ. ಇಲ್ಲಿ ಹಾಗಲ್ಲ. ಯಾರೂ ಬರೆಯದಿದ್ರೆ ಜೇಬೇ ಹುಟ್ಟಲ್ಲ."

ಇನ್ಸ್‌ಪೆಕ್ಟರ್ ಎದ್ದು ನಿಂತಿದ್ದ. ಆದರೆ ಮೊಹರಯ್ಯನವರು ಸೋಲುವ ಆಸಾಮಿಯಲ್ಲ.

"ಸ್ವಲ್ಪ ತಡೀರಿ," ಎಂದರು. "ಇದೇ ಹುಡುಗಿ ಆ ಜಾಗ ತೆರೆದು, ಏನೂ ಬರೀದೆ, ಹಾಗೇ ಒತ್ತಿಬಿಟ್ಟಿದ್ರೆ? ಖಾಲಿ ಜೇಬು ಹೊಲಿದು ಹೋಗಲ್ವಾ?"

ಒಳ್ಳೆಯ ಪ್ರಶ್ನೆ. ದೊಡ್ಡಣ್ಣ ಗಡಿಬಿಡಿಯ ಮುಖ ನೋಡಿದರು.

"ಮಾಡಿ ತೋರಿಸ್ತೀನಿ," ಎಂದಳು ಗಡಿಬಿಡಿ. "ಅಕ್ಕ ಕಾರಣ ಇಲ್ಲದೆ ಸೂಜಿ ಎತ್ತೋರಲ್ಲ. ಸಿಸ್ಟರ್, ಬನ್ನಿ ಇಲ್ಲಿ. ದಾಖಲು ಮಾಡೋ ಪರದೆ ನಿಮ್ಮದು. ಕೈಯೂ ನಿಮ್ಮದೇ ಇರಲಿ."

ಸೊಸೆ ಮುಂದೆ ಬಂದಳು. ಇಲ್ಲದ ರೋಗಿಯೊಬ್ಬನನ್ನು ಸೃಷ್ಟಿಸಿ, ಔಷಧಿಯ ಜಾಗವನ್ನು ಖಾಲಿ ಬಿಟ್ಟು ಒತ್ತಿದಳು. ಗಡಿಬಿಡಿ ಅಂಗಿಯನ್ನು ಕೇಳಿದಳು. ಆ ಜೇಬು ಇಲ್ಲ. ಸೊಸೆ ಮತ್ತೆ ತೆರೆದು ಪೆನಿಸಿಲಿನ್ ಎಂದು ಬರೆದು ಒತ್ತಿದಳು. ಜೇಬು ಬಂತು. ಅದೇ ಪರದೆಯಲ್ಲಿ ಬರೆದದ್ದನ್ನು ಅಳಿಸಿ ಒತ್ತಿದಳು. ಜೇಬು ಹೋಯಿತು.

"ದಾಖಲು ಮಾಡೋ ಪರದೆಯಿಂದ ಖಾಲಿ ಜೇಬು ಮಾಡೋಕೆ ಸಾಧ್ಯಾನೇ ಇಲ್ಲ. ಆದ್ರೆ ಈ ಆಸ್ಪತ್ರೆಯಲ್ಲಿ ಇನ್ನೊಂದು ಪರದೆ ಇದೆ." ಗಡಿಬಿಡಿ ತಲೆಯೆತ್ತಿ ಮೊಹರಯ್ಯನವರನ್ನು ನೋಡಿದಳು. "ತಿದ್ದುಪಡಿ ಪರದೆ. ಹಳೇದು. ಅಕ್ಕ ತೆಗೆದು ಹಾಕ್ತೀನಿ ಅಂದಾಗ ನೀವು ಮೂರು ಮೀಟಿಂಗಿನಲ್ಲಿ ಜಗಳ ಆಡಿ ಉಳಿಸ್ಕೊಂಡ್ರಲ್ಲ ಸಾರ್, ಅದು. ಇದೇ ಕೋಣೆಯಲ್ಲಿ, ನಿಮ್ಮ ಬೆನ್ನ ಹಿಂದೆ ಇದೆ."

ಎಲ್ಲರೂ ಆ ಕಡೆ ನೋಡಿದರು. ಮೂಲೆಯ ಮೇಜಿನ ಮೇಲೆ ಹಳದಿಗಟ್ಟಿದ ಕಂಪ್ಯೂಟರೊಂದು, ಧೂಳು ಕೂರದಂತೆ ಬಟ್ಟೆ ಹೊದ್ದು ಕುಳಿತಿತ್ತು. ಸೊಸೆಯೇ ಹೋಗಿ ಬಟ್ಟೆ ಸರಿಸಿದಳು. ಗಡಿಬಿಡಿ ಅದೇ ಇಲ್ಲದ ರೋಗಿಗೆ ಮತ್ತೆ ಪೆನಿಸಿಲಿನ್ ಎಂದು ಬರೆದಿಟ್ಟಳು. ಮೊಹರಯ್ಯನವರು ಕೀಲಿ ಹಾಕಿ ತೆರೆದುಕೊಟ್ಟ ಆ ಪರದೆಯಲ್ಲಿ ಸೊಸೆ ಅದನ್ನು ಅಳಿಸಿದಳು.

ಜೇಬು ಉಳಿಯಿತು. ಖಾಲಿಯಾಗಿ ಉಳಿಯಿತು. ತಂಗಿಯ ಅಂಗಿಯಲ್ಲಿ ಇದ್ದಂತೆಯೇ.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತು," ಎಂದರು ದೊಡ್ಡಣ್ಣ. "ನಮ್ಮ ಹುಡುಗಿ ಬರೆದಿದ್ಲು. ಬರೆದಿದ್ದಕ್ಕೇ ಜೇಬು ಹುಟ್ಟಿತು. ಅಳಿಸಿದ ಕೈ ಈ ಕೋಣೆಯದು. ಸಾಯೋಕೆ ಮುಂಚೆ ನನ್ನ ತಂಗಿ ತನ್ನ ಸೊಸೆ ಪರವಾಗಿ ಸಾಕ್ಷಿ ಹೊಲಿದಿಟ್ಟು ಹೋಗಿದ್ದಾಳೆ."

ಇನ್ಸ್‌ಪೆಕ್ಟರ್ ಜೇಬಿನಿಂದ ಬಂಧನದ ಕಾಗದ ತೆಗೆದು ನೀಟಾಗಿ ನಾಲ್ಕು ಮಡಿಕೆ ಮಾಡಿದ. "ಇದನ್ನ ಮೇಲಿನವರ ಮುಖಕ್ಕೆ ಹಿಡಿಯೋ ಕೆಲಸ ನನಗೆ ಬಿಡಿ ಸಾರ್," ಎಂದ. ಆಮೇಲೆ ಸೊಸೆಗೆ ಕೈಮುಗಿದ. "ತಪ್ಪಾಯ್ತಮ್ಮ."

ಕಪಾಟಿಗೆ ಒರಗಿದ್ದ ಮಗ ಎರಡು ಹೆಜ್ಜೆ ಮುಂದೆ ಬಂದು ನಿಂತ. "ನಾನು..." ಎಂದ.

"ಓಹೋ, ಮಾತು ಬಂತಾ?" ಎಂದಳು ಸೊಸೆ. "ಬಾಯಿಗೂ ಅರಿವಳಿಕೆ ಕೊಟ್ಟಿದ್ದಾರೆ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ಇಷ್ಟು ದಿನ ಠಾಣೆಯಲ್ಲಿ, ಬೀದಿಯಲ್ಲಿ, ಮನೆಯಲ್ಲಿ ಎಲ್ಲಿಯೂ ಅಳದವಳು. ಅವನು ಅವಳ ಭುಜದ ಮೇಲೆ ಕೈಯಿಟ್ಟ. ಅವಳು ಆ ಕೈಯನ್ನು ಒಮ್ಮೆ ಕೊಡವಿದಳು. ಎರಡನೆಯ ಸಲ ಇಟ್ಟಾಗ ಕೊಡವಲಿಲ್ಲ. ದೊಡ್ಡಣ್ಣ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಗೆದ್ದದ್ದಾಯಿತು. ಆದರೆ ಹಳೆಯ ಬೇಟೆಗಾರನಿಗೆ ಒಂದು ಹೆಜ್ಜೆಗುರುತು ಸಿಕ್ಕರೆ ಸಾಲದು.

"ಮೊಹರಯ್ಯನವರೇ," ಎಂದರು ಅವರು, ಮೃದುವಾಗಿ. "ಈ ಪರದೆಯ ಕೀಲಿ ನಿಮ್ಮ ಹತ್ರ ಇದೆ."

"ಇದೆ." ಮೊಹರಯ್ಯನವರ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. "ನಿಮ್ಮ ತಂಗಿ ಕಂಡ್ರೆ ನನಗೆ ಆಗ್ತಿರಲಿಲ್ಲ. ಒಪ್ಕೋತೀನಿ. ನನ್ನ ನಮೂನೆ ಕಿತ್ತು ಹಾಕಿದ್ಲು. ಆದ್ರೆ ದಾಖಲೆಗೆ ಸುಳ್ಳು ಬರೆಯೋನಲ್ಲ ನಾನು. ನಲವತ್ತು ವರ್ಷ ಮೊಹರು ಹಿಡಿದ ಕೈ ಸ್ವಾಮಿ ಇದು."

"ಎಲ್ಲ ಕಳ್ಳರೂ ಹಾಗೇ ಹೇಳ್ತಾರೆ," ಎಂದ ಇನ್ಸ್‌ಪೆಕ್ಟರ್.

ದೊಡ್ಡಣ್ಣ ಕೈಯೆತ್ತಿ ಅವನನ್ನು ತಡೆದರು. "ಗಡಿಬಿಡಿಯವರೇ, ಇನ್ನೊಂದು ಉಪಕಾರ. ಈ ಆಸ್ಪತ್ರೆಯಲ್ಲಿರೋ ಎಲ್ಲ ಅಂಗಿಗಳನ್ನೂ ಒಂದ್ಸಲ ಕೇಳಿ. ಇದೇ ಜೇಬು, ಹೀಗೇ ಖಾಲಿಯಾಗಿ, ಇನ್ಯಾರಿಗಾದ್ರೂ ಇದೆಯಾ ಅಂತ."

ಯಂತ್ರ ಹುಡುಕಿತು. ಪರದೆಯ ಮೇಲೆ ಎರಡು ಸಾಲು ಮೂಡಿದವು. ಮೊದಲನೆಯದು ತಂಗಿಯದು. ಎರಡನೆಯದನ್ನು ಓದಿದ ಗಡಿಬಿಡಿ ಗಟ್ಟಿಯಾಗಿ ಹೇಳಲಾರದೆ, ಪರದೆಯನ್ನೇ ಮೊಹರಯ್ಯನವರ ಕಡೆ ತಿರುಗಿಸಿದಳು.

ಮೊಹರಯ್ಯನವರು ಓದಿದರು. ಮತ್ತೊಮ್ಮೆ ಓದಿದರು. ಕುರ್ಚಿಯ ತೋಳು ಹಿಡಿದು ನಿಧಾನವಾಗಿ ಕುಳಿತರು.

"ಇದು ನಂದು," ಎಂದರು. "ನಾಳೆ ಹರ್ನಿಯಾ ಆಪರೇಷನ್ ನನಗೆ. ದಾಖಲಾತಿ ಮೊನ್ನೆ ಆಯ್ತು. ನನಗೂ ಪೆನಿಸಿಲಿನ್ ಆಗಲ್ಲ. ಬರೆಸಿದ್ದೆ. ನಾನೇ ನಿಂತು ಬರೆಸಿದ್ದೆ."

ಇನ್ಸ್‌ಪೆಕ್ಟರ್ ಟೋಪಿಯನ್ನು ತಲೆಗೆ ಇಟ್ಟುಕೊಂಡ.

"ಈಗ ಆ ಜಾಗ ತುಂಬಿಬಿಡ್ಲಾ?" ಎಂದು ಗಡಿಬಿಡಿ ಕೀಲಿಮಣೆಗೆ ಕೈಚಾಚಿದಳು.

"ಬೇಡ," ಎಂದರು ದೊಡ್ಡಣ್ಣ. "ಖಾಲಿಯೇ ಇರಲಿ. ತುಂಬಿದ್ರೆ ಜೇಬುಗಳ್ಳನಿಗೆ ಎಚ್ಚರ ಆಗತ್ತೆ. ಮೊಹರಯ್ಯನವರೇ, ನಿಮ್ಮನ್ನೂ ನನ್ನ ತಂಗಿಯನ್ನೂ ಕಟ್ಟೋ ಹಗ್ಗ ಒಂದು ಇರಬೇಕು. ಇಬ್ಬರೂ ಸೇರಿ ಏನು ಮಾಡಿದ್ರಿ?"

"ನಾವಿಬ್ಬರೂ ಸೇರೋದಾ? ಎಣ್ಣೆ ಸೀಗೆಕಾಯಿ ಹಾಗಿದ್ವಿ. ಒಂದೇ ಒಂದ್ಸಲ..." ಮೊಹರಯ್ಯನವರು ತುಟಿ ಒರೆಸಿಕೊಂಡರು. "ಹೋದ ತಿಂಗಳು ಅವಳೇ ಇಲ್ಲಿಗೆ ಬಂದ್ಲು. ‘ಗುಣವಾಗಿ ಮನೆಗೆ ಹೋದರು ಅಂತ ಬರೆದಿರೋ ಕೆಲವು ರೋಗಿಗಳ ಮನೆಗೆ ಫೋನ್ ಮಾಡಿದ್ದೆ, ಮನೆಯವರು ಬೇರೇನೋ ಹೇಳ್ತಾರೆ, ನೀವು ಬಿಸಾಡದೆ ಇಟ್ಕೊಂಡಿರೋ ಹಳೇ ಕಾಗದ ತೆಗೀರಿ’ ಅಂದ್ಲು. ತೆಗೆದ್ವಿ. ನೋಡಿದ್ರೆ, ಗುಣವಾದ್ರು ಅಂತ ಇರೋರು ಆಪರೇಷನ್ ಆದ ಮೇಲೆ ಇಲ್ಲೇ ಸತ್ತಿದ್ರು. ಆ ಆಪರೇಷನ್ ಮಾಡಿದ್ದು..."

ಮೇಜಿನ ಮೇಲಿನ ಫೋನು ಬಡಿದುಕೊಂಡಿತು.

ಮೊಹರಯ್ಯನವರು ದೊಡ್ಡಣ್ಣನವರ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆ ಎತ್ತಿಕೊಂಡರು. ಆಚೆಯ ಮಾತು ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು. "ಆಗಲಿ ಸಾರ್. ಬರ್ತೀನಿ ಸಾರ್," ಎಂದು ಇಟ್ಟರು.

"ನಾಳೆಯ ಆಪರೇಷನ್ನು ಇವತ್ತೇ ಅಂತೆ. ಥಿಯೇಟರು ಖಾಲಿ ಇದೆಯಂತೆ. ಈಗಲೇ ಬಂದು ವಾರ್ಡಿನಲ್ಲಿ ಮಲಗಬೇಕಂತೆ."

"ಯಾರು ಮಾಡಿದ್ದು ಫೋನು?"

"ದೊಡ್ಡ ಡಾಕ್ಟ್ರು." ಮೊಹರಯ್ಯನವರು ಹಳದಿ ಕಂಪ್ಯೂಟರಿನ ಕಡೆ ನೋಡಿದರು. "ಅದರ ಇನ್ನೊಂದು ಕೀಲಿ ಇರೋದು ಅವರ ಹತ್ರ."

ಇನ್ಸ್‌ಪೆಕ್ಟರ್ ಬಾಗಿಲ ಕಡೆ ನುಗ್ಗಿದ. ದೊಡ್ಡಣ್ಣ ಅವನ ತೋಳು ಹಿಡಿದರು. "ಕೀಲಿ ಇದೆ ಅಂತ ಹಿಡಿದ್ರೆ ಮೊಹರಯ್ಯನವರನ್ನೂ ಹಿಡಿಯಬೇಕು. ಅವಸರ ಬೇಡ. ಆ ಔಷಧಿ ಕೊಡಿ ಅನ್ನೋ ಮಾತು ಯಾರ ಬಾಯಿಂದ ಬರತ್ತೆ, ನಮಗೆ ಅದು ಬೇಕು." ಅವರು ಮೊಹರಯ್ಯನವರ ಮುಂದೆ ಬಾಗಿದರು. "ಹೋಗಿ ಮಲಗಿಕೊಳ್ಳೋ ಧೈರ್ಯ ಇದೆಯಾ?"

ಮೊಹರಯ್ಯನವರು ಮೊಹರುಗಳ ಚಕ್ರವನ್ನು ಒಮ್ಮೆ ತಿರುಗಿಸಿದರು. "ಚುಚ್ಚೋ ಕೈ ನಂಬಿಕೆಯದಾಗಿದ್ರೆ ಮಲಗ್ತೀನಿ," ಎಂದರು.

"ಅವತ್ತು ಕಿತ್ಕೊಂಡಿಟ್ಟ ನನ್ನ ಯೂನಿಫಾರ್ಮ್ ಯಾರ ಹತ್ರ ಇದೆ?" ಎಂದಳು ಸೊಸೆ. ಕಣ್ಣು ಒರೆಸಿಕೊಂಡು ಆಗಲೇ ಕೂದಲು ಗಂಟು ಹಾಕುತ್ತಿದ್ದಳು. "ಇವತ್ತು ಆ ವಾರ್ಡಿನ ಡ್ಯೂಟಿ ನಾನು ತಗೋತೀನಿ ಮಾವ. ಯಾರು ಏನು ಕೊಡಿ ಅಂದ್ರೂ ಮೊದಲು ನನ್ನ ಕೈಗೆ ಬರಬೇಕು."

ಬೇಡವೆನ್ನಲು ಬಾಯಿ ತೆರೆದ ಗಂಡನನ್ನು ಅವಳು ಒಮ್ಮೆ ನೋಡಿದಳು. ಅವನು ಬಾಯಿ ಮುಚ್ಚಿದ.

ಎಲ್ಲರೂ ಮೆಟ್ಟಿಲು ಹತ್ತಿದರು. ಮೊಹರಯ್ಯನವರು ಮುಂದೆ, ಅವರ ಬೆನ್ನಿಗೆ ಕಾವಲಿನಂತೆ ಸೊಸೆ. ಮೇಲಿನ ಓಣಿಯ ತುದಿಯಲ್ಲಿ, ಗಾಲಿಮಂಚದ ಪಕ್ಕ, ಬಿಳಿ ಕೋಟು ತೊಟ್ಟ ಎತ್ತರದ ಆಕೃತಿಯೊಂದು ಆಗಲೇ ಕಾಯುತ್ತಿತ್ತು. ಸೊಸೆಯನ್ನು ಕಂಡು ಅದು ಒಂದು ಹೆಜ್ಜೆ ಹಿಂದೆ ಸರಿಯಿತು.

ದೊಡ್ಡಣ್ಣ ಮೆಟ್ಟಿಲ ತಿರುವಿನಲ್ಲಿ ಒಂದು ಗಳಿಗೆ ನಿಂತು ಕಣ್ಣುಮುಚ್ಚಿ ಕೈಜೋಡಿಸಿದರು. ಸ್ವಾಮಿ, ನನ್ನ ತಂಗಿ ಮಂಪರಿನಲ್ಲಿ ಹೋದಳು. ಯಾರನ್ನೂ ಕರೆಯಲು ಆಕೆಗೆ ಆಗಲಿಲ್ಲ. ಆಗ ನೀನು ಪಕ್ಕದಲ್ಲಿದ್ದೆಯೆಂದು ನಂಬಿದ್ದೇನೆ. ಆಕೆಯ ಸೊಸೆಗೆ ಹತ್ತಿದ ಮಸಿ ಇಂದು ತೊಳೆದುಹೋಯಿತು. ಅದನ್ನು ಆಕೆಗೆ ತಿಳಿಸು. ಇಂದು ಇನ್ನೊಂದು ಜೀವಕ್ಕೆ ಕೇಡಾಗದಂತೆ ಕಾಯಿ. ಆಕೆಯ ಆತ್ಮಕ್ಕೆ ಶಾಂತಿ ಕೊಡು.